ಕುರ್ಲಾದ ನುಡಿಮರ್ಯಾದೆ

ಮುಂಬಯಿಯ ಕುರ್ಲಾದಲ್ಲಿ ನೆಲೆನಿಂತ ತುಳುನಾಡಿನ ಮನೆಯೊಂದರಲ್ಲಿ ಹಿರಿಯರೊಬ್ಬರು ತೀರಿಕೊಂಡರೆಂದರೆ, ಅವರ ಅಪರಕರ್ಮದ ಏರ್ಪಾಡನ್ನು ಕುರಿತು ಮನೆಯೊಳಗೆ ತಗ್ಗಿದ ದನಿಯಲ್ಲಿ ನಡೆಯುವ ಮಾತಿನಲ್ಲಿ ‘ಬೊಜ್ಜ’ ಎಂಬ ಪದವೇ ಕೇಳಿಬರುತ್ತದೆ. ಆದರೆ ಅದೇ ಸಂಜೆ ಮುದ್ರಣಾಲಯಕ್ಕೆ ಹೋಗುವ ಕಾಗದದಲ್ಲಿ ಆ ಪದವನ್ನು ಯಾರೂ ಬರೆಯುವುದಿಲ್ಲ. ಅಲ್ಲಿ ಅದು ‘ಉತ್ತರಕ್ರಿಯೆ’ ಎಂದಾಗುತ್ತದೆ, ತೀರಿಕೊಂಡವರು ‘ದೈವಾಧೀನ’ರಾಗುತ್ತಾರೆ, ಬರಬೇಕೆಂಬ ಕರೆಯು, ತಾವು ಸಕುಟುಂಬ ಸಪರಿವಾರರಾಗಿ ಆಗಮಿಸಿ ಮೃತರ ಆತ್ಮಕ್ಕೆ ಚಿರಶಾಂತಿಯನ್ನು ಕೋರಬೇಕೆಂಬ ವಿನಂತಿಯ ರೂಪವನ್ನು ತಾಳುತ್ತದೆ. ಮನೆಯೊಳಗಿನ ‘ಮದಿಮೆ’ ಕರೆಯೋಲೆಯಲ್ಲಿ ‘ವಿವಾಹ ಮಹೋತ್ಸವ’ವಾಗುವುದೂ, ‘ಇಲ್ಲೊಕ್ಕೆಲ್’ ಎಂಬುದು ‘ಗೃಹಪ್ರವೇಶ’ವಾಗುವುದೂ ಇದೇ ಬಗೆಯಲ್ಲಿ. ಒಲೆಯ ಬಳಿಯ ಪದ ಒಂದು, ಹೊಸ್ತಿಲಿನಾಚೆಯ ಪದ ಇನ್ನೊಂದು. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ, ಯಾವ ವ್ಯಾಕರಣವನ್ನೂ ಓದದ ಮುದುಕಿಯೂ ‘ಅದು ಸರಿಯಾಗಲಿಲ್ಲ’ ಎಂದು ತಿದ್ದುತ್ತಾಳೆ.

ಸಂದರ್ಭವರಿತು ದನಿಯನ್ನು ಏರಿಸುವುದು, ತಗ್ಗಿಸುವುದು, ಪದಗಳನ್ನು ಆಯ್ದು ನುಡಿಯುವುದು ಎಲ್ಲ ಜನಾಂಗಗಳಲ್ಲಿಯೂ ಉಂಟು. ಕುರ್ಲಾದ ನಮ್ಮ ಜನರಾದರೋ ಈ ಕಾರ್ಯಕ್ಕೆ ಭಾಷೆಗಳನ್ನೇ ಸ್ವರಗಳಂತೆ ಬಳಸಿದರು. ತುಳು ಅವರಿಗೆ ಮನೆಯ ಸ್ವರ, ಹಿಂದಿ ಬೀದಿಯ ಸ್ವರ, ಮರಾಠಿ ಕಚೇರಿಯ ಸ್ವರ, ಇಂಗ್ಲಿಷು ಬ್ಯಾಂಕಿನ ಸ್ವರ. ಕನ್ನಡವು ಗೌರವದ ಸ್ವರ. ಹೀಗೆ ಕನ್ನಡಕ್ಕೆ ಸಭೆಯ ಪೀಠವು ದೊರೆತುದು ಹೇಗೆ, ಆ ಪೀಠದ ಮೇಲೆ ಕುಳಿತು ಅದು ಏನನ್ನು ಪಡೆಯಿತು, ಏನನ್ನು ಕಳೆದುಕೊಂಡಿತು ಎಂಬುದನ್ನು, ಅದನ್ನು ಕಂಡ ತಲೆಮಾರು ಇನ್ನೂ ಉಳಿದಿರುವಾಗಲೇ ಬರೆದಿಡಬೇಕೆಂದು ನನಗೆ ಬಹುಕಾಲದಿಂದ ಅನ್ನಿಸಿದೆ.

ಕುರ್ಲಾ ಎಂಬ ಹೆಸರು ಏಡಿಗೆ ಕೊಂಕಣ ತೀರದವರು ಹೇಳುವ ‘ಕುರ್ಲಿ’ ಎಂಬ ಶಬ್ದದಿಂದ ಬಂದಿತೆಂಬುದು ಸ್ಥಳದ ಐತಿಹ್ಯ. ಮೀಠಿ ನದಿಯ ಬದಿಯ ಜವುಗುನೆಲದ ಮೇಲಿದ್ದ ಈ ಹಳ್ಳಿಯು ಮುಂಬಯಿಯ ದ್ವೀಪದೊಳಗಿನದಲ್ಲ, ಅದರ ಉತ್ತರಕ್ಕಿದ್ದ ಸಾಷ್ಟಿ ದ್ವೀಪದ್ದು. 1853ನೆಯ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಭಾರತದ ಪ್ರಥಮ ಪ್ರಯಾಣಿಕ ರೈಲು ಈ ನೆಲವನ್ನು ಹಾದುಹೋಯಿತು. 1886ರಲ್ಲಿ ಜಮಶೇಟ್‌ಜಿ ಟಾಟಾ ಅವರು ಇಲ್ಲಿಯ ಧರಮಸಿ ಗಿರಣಿಯನ್ನು ಕೊಂಡು ಅದಕ್ಕೆ ಸ್ವದೇಶಿ ಎಂದು ಹೆಸರಿಟ್ಟರು. 1925ನೆಯ ಫೆಬ್ರವರಿ 3ರಂದು ದೇಶದ ಮೊದಲನೆಯ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಹೊರಟು ಬಂದು ನಿಂತುದೂ ಇಲ್ಲಿಯೇ. 1950ರಲ್ಲಿ ಊರು ಮಹಾನಗರಪಾಲಿಕೆಯ ಎಲ್ಲೆಯೊಳಗೆ ಸೇರಿತು. ಪ್ರೀಮಿಯರ್ ಮೋಟಾರು ಕಾರ್ಖಾನೆಯ ಭೋಂಗಾ ಊದಿದಾಗ ಊರಿನ ಗಡಿಯಾರಗಳು ತಿದ್ದಿಕೊಳ್ಳುತ್ತಿದ್ದ ಕಾಲದಲ್ಲಿ, ಇಲ್ಲಿಯ ಮೂಲನಿವಾಸಿಗಳಾದ ಕೋಳಿ ಮತ್ತು ಈಸ್ಟ್ ಇಂಡಿಯನ್ ಕ್ರೈಸ್ತರ ಮರಾಠಿ, ಗಿರಣಿಗೆ ಬಂದ ರತ್ನಾಗಿರಿಯವರ ಮರಾಠಿ, ಉರ್ದು, ಗುಜರಾತಿ, ಭೋಜಪುರಿಗಳ ನಡುವೆ ಬಂದು ನಿಂತವನಿಗೆ, ಯಾರೊಡನೆ ಯಾವ ಮಾತು ಎಂಬ ಪ್ರಶ್ನೆಯು ಊಟದ ಪ್ರಶ್ನೆಯಷ್ಟೇ ನಿತ್ಯದ್ದಾಗಿದ್ದಿತು.

ಕನ್ನಡವು ಈ ನಗರಕ್ಕೆ ಎರಡು ದಾರಿಗಳಲ್ಲಿ ಬಂದಿತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಇಲಾಖೆಗೆ ಸೇರಿದವಾಗಿದ್ದು, 1862ರಲ್ಲಿ ಉತ್ತರ ಕನ್ನಡವೂ ಮದ್ರಾಸಿನಿಂದ ಬಿಡಿಸಲ್ಪಟ್ಟು ಅವುಗಳೊಡನೆ ಕೂಡಿದುದರಿಂದ, ಆ ಕಡೆಯವರಿಗೆ ಮುಂಬಯಿಯು ರಾಜಧಾನಿ. ಅವರು ಗುಮಾಸ್ತರಾಗಿ, ವಕೀಲರಾಗಿ, ವಿದ್ಯಾರ್ಥಿಗಳಾಗಿ ಬಂದರು. ಬರಗಾಲದ ವರ್ಷಗಳಲ್ಲಿ ಬಯಲುಸೀಮೆಯ ಬಡವರು ಕೂಲಿಗಾಗಿ ಬಂದರು. ದಕ್ಷಿಣ ಕನ್ನಡವಾದರೋ 1956ರ ಪರ್ಯಂತ ಮದ್ರಾಸಿನ ಆಡಳಿತದಲ್ಲಿ ಉಳಿದಿದ್ದರೂ, ಅಲ್ಲಿಯ ಜನರಿಗೆ ಮದ್ರಾಸಿಗಿಂತ ಮುಂಬಯಿ ಹತ್ತಿರವೆನಿಸಿತು, ಏಕೆಂದರೆ ಕರಾವಳಿಯ ಹಡಗು ಅವರನ್ನು ನೇರವಾಗಿ ಇಲ್ಲಿಯ ಧಕ್ಕೆಯ ಮೇಲೆ ಇಳಿಸುತ್ತಿದ್ದಿತು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಷನ್, 1927ರಲ್ಲಿ ಬಂಟರ ಸಂಘ ಎಂದು ಒಂದೊಂದಾಗಿ ಹುಟ್ಟಿಕೊಂಡ ಸಂಸ್ಥೆಗಳು ಈ ವಲಸೆಯ ಸಾಕ್ಷಿಗಳು. ಇವುಗಳಲ್ಲಿ ಕೊನೆಯದು ಇಂದು ಕುರ್ಲಾ ಪೂರ್ವದಲ್ಲಿ ತನ್ನ ಭವನವನ್ನು ಹೊಂದಿದ್ದು, ಊರಿನ ಕನ್ನಡ ಸಭೆಗಳಿಗೆಲ್ಲ ಅದು ಹಿರಿಮನೆಯಂತಿದೆ.

ಮನೆಯಲ್ಲಿ ತುಳುವನ್ನಾಡುವ ಜನ ತಮ್ಮ ಸಂಘದ ನಡಾವಳಿಯನ್ನು ಕನ್ನಡದಲ್ಲಿ ಬರೆದುದೇಕೆಂದು ಹೊರಗಿನವರು ಆಶ್ಚರ್ಯಪಡುವುದುಂಟು. ಇದರ ಬೇರು ಬಹಳ ಆಳದಲ್ಲಿದೆ. ತುಳುನಾಡನ್ನು ಶತಮಾನಗಳವರೆಗೆ ಆಳಿದ ಅಳುಪರ ಶಾಸನಗಳು ಬಹುಪಾಲು ಕನ್ನಡದಲ್ಲಿವೆ. ಕೆಳದಿಯ ನಾಯಕರ ಆಡಳಿತದ ಭಾಷೆ ಕನ್ನಡ. 1799ರ ತರುವಾಯ ಬಂದ ಇಂಗ್ಲಿಷರ ಕಾಲದಲ್ಲಿಯೂ ಭೂಮಿಯ ಲೆಕ್ಕ, ನ್ಯಾಯಾಲಯದ ಅರ್ಜಿ, ಶಾಲೆಯ ಪಾಠ ಎಲ್ಲವೂ ಕನ್ನಡದಲ್ಲಿಯೇ ನಡೆದವು. ಬಾಸೆಲ್ ಮಿಷನ್ನಿನವರು 1843ರಲ್ಲಿ ಮಂಗಳೂರಿನಿಂದ ಪತ್ರಿಕೆಯೊಂದನ್ನು ಹೊರಡಿಸಲು ಉದ್ಯುಕ್ತರಾದಾಗ ಅವರು ಆರಿಸಿಕೊಂಡುದೂ ಕನ್ನಡವನ್ನೇ. ‘ಮಂಗಳೂರು ಸಮಾಚಾರ’ವು ಹೀಗೆ ತುಳುವರ ಊರಿನಲ್ಲಿ ಹುಟ್ಟಿದ ಕನ್ನಡದ ಮೊದಲ ಪತ್ರಿಕೆಯಾಯಿತು. ದೇವರ ಮುಂದೆ, ದೊರೆಯ ಮುಂದೆ, ಗುರುವಿನ ಮುಂದೆ ನಿಂತಾಗ ಆಡುವ ಭಾಷೆ ಯಾವುದೋ ಅದಕ್ಕೆ ಜನರ ಮನಸ್ಸಿನಲ್ಲಿ ಒಂದು ಶುಚಿತ್ವವು ತಾನಾಗಿಯೇ ಅಂಟಿಕೊಳ್ಳುತ್ತದೆ. ಹಡಗಿನಿಂದಿಳಿದ ಹುಡುಗನು ತನ್ನ ತಗಡಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟುಕೊಂಡು ಬಂದ ಒಂದು ಜೊತೆ ಬಿಳಿಯ ಬಟ್ಟೆಯಂತೆ, ನಾಲ್ಕನೆಯ ತರಗತಿಯವರೆಗಿನ ತನ್ನ ಕನ್ನಡವನ್ನೂ ಹಬ್ಬ ಹುಣ್ಣಿಮೆಗೆಂದು ಜೋಪಾನವಾಗಿ ತಂದನು.

ಆ ಕನ್ನಡವನ್ನು ಅವನು ಮೊದಲು ಹೊರತೆಗೆದುದು ಊರಿಗೆ ಕಾಗದ ಬರೆಯುವಾಗ. ಭಾರತದಲ್ಲಿ ಅಂಚೆಕಾರ್ಡು ಬಂದುದು 1879ರಲ್ಲಿ, ಅದರ ಮರುವರ್ಷ ಮನಿಯಾರ್ಡರು. ಕಾಲಾಣೆಯ ಆ ಕಾರ್ಡು ಮುಂಬಯಿಯ ಕನ್ನಡಿಗರ ಪಾಲಿಗೆ ಗದ್ಯರಚನೆಯ ಶಾಲೆಯೇ ಆಯಿತೆಂದರೆ ಉತ್ಪ್ರೇಕ್ಷೆಯಾಗದು. ತಂದೆಗೆ ಬರೆಯುವಾಗ ‘ತೀರ್ಥರೂಪರವರ ಪಾದಾರವಿಂದಗಳಿಗೆ ಸಾಷ್ಟಾಂಗ ಪ್ರಣಾಮಗಳು’ ಎಂದು ಮೊದಲಿಡಬೇಕು, ತಾಯಿಗೆ ‘ಮಾತೃಶ್ರೀ’, ತಮ್ಮನಿಗೆ ‘ಚಿರಂಜೀವಿ’, ಅವನಿಗೆ ನಮಸ್ಕಾರವಿಲ್ಲ, ಆಶೀರ್ವಾದ, ಪುರೋಹಿತರಿಗೆ ‘ವೇದಮೂರ್ತಿ’, ಸುಮಂಗಲಿಗೆ ‘ಸೌಭಾಗ್ಯವತಿ’. ಇದಾದ ಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’ ಎಂಬ ಸೇತುವೆಯನ್ನು ದಾಟಿದರೆ ಮಾತ್ರ ವಿಷಯಕ್ಕೆ ಪ್ರವೇಶ. ಮಂಗಳ ವಾರ್ತೆಯಾಗಿದ್ದರೆ ಕಾಗದದ ಮೂಲೆಗೆ ಅರಿಶಿನ. ಮರಣವಾರ್ತೆಯಾಗಿದ್ದರೆ ‘ಶ್ರೀ’ಕಾರವೂ ಇಲ್ಲ, ಅರಿಶಿನವೂ ಇಲ್ಲ, ಓದಿದೊಡನೆ ಅದನ್ನು ಹರಿದುಹಾಕಬೇಕು. ಅಕ್ಷರವನ್ನು ಓದುವ ಮೊದಲೇ ಕಾಗದದ ಮೂಲೆಯು ವಾರ್ತೆಯ ಸ್ವರವನ್ನು ಹೇಳಿಬಿಡುತ್ತಿದ್ದಿತು.

ಈ ಶಿಷ್ಟಾಚಾರದಲ್ಲಿಯೂ ಎರಡು ಇಲಾಖೆಗಳ ಗುರುತು ಉಳಿದಿದ್ದುದು ಚರಿತ್ರಕಾರನಿಗೆ ಸಂತೋಷದ ವಿಷಯ. ಮದ್ರಾಸು ಇಲಾಖೆಯಿಂದ ಬಂದ ಮಂಗಳೂರಿನವನು ಗಣ್ಯರ ಹೆಸರಿನ ಹಿಂದೆ ‘ಮಹಾರಾಜರಾಜಶ್ರೀ’ ಎಂಬುದರ ಸಂಕ್ಷೇಪವಾದ ಮ.ರಾ.ರಾ. ಎಂಬ ಅಕ್ಷರಗಳನ್ನೂ ಹೆಸರಿನ ಮುಂದೆ ‘ಅವರ್ಗಳು’ ಎಂಬುದನ್ನೂ ಬರೆಯುತ್ತಿದ್ದನು. ಧಾರವಾಡದವನಾದರೋ ಪೇಶವೆಗಳ ಕಾಲದ ಮರಾಠಿ ಪತ್ರಗಳ ಪದ್ಧತಿಯನ್ನನುಸರಿಸಿ ರಾ.ರಾ. ಎಂದು, ಎಂದರೆ ‘ರಾಜಮಾನ್ಯ ರಾಜಶ್ರೀ’ ಎಂದು ಬರೆದು, ‘ಸಾಷ್ಟಾಂಗ ನಮಸ್ಕಾರ ವಿನಂತಿ ವಿಶೇಷ’ ಎಂದು ಆರಂಭಿಸುತ್ತಿದ್ದನು. ಒಂದೇ ಚಾಳಿನ ಎರಡು ಕೋಣೆಗಳಿಂದ ಒಂದೇ ಅಂಚೆಪೆಟ್ಟಿಗೆಗೆ ಬಿದ್ದ ಎರಡು ಕನ್ನಡ ಕಾರ್ಡುಗಳನ್ನು ಹೀಗೆ ಮೊದಲ ಸಾಲಿನಿಂದಲೇ ಪ್ರತ್ಯೇಕಿಸಬಹುದಾಗಿದ್ದಿತು.

ಅಕ್ಷರ ಬಾರದವರಿಗೆ ಬರೆದುಕೊಡುವವರು ಇದ್ದೇ ಇದ್ದರು. ಹೋಟೆಲಿನ ಗಲ್ಲೆಯ ಮೇಲೆ ಕೂರುವ ಗುಮಾಸ್ತನೋ, ರಾತ್ರಿಶಾಲೆಯ ವಿದ್ಯಾರ್ಥಿಯೋ, ಬಾಗಿಲು ಮುಚ್ಚಿದ ಮೇಲೆ ಮೇಜುಗಳನ್ನು ಒರಸಿ, ಒಬ್ಬೊಬ್ಬರನ್ನಾಗಿ ಕುಳ್ಳಿರಿಸಿಕೊಂಡು ಕೇಳಿ ಬರೆಯುವನು. ಹೇಳುವವನು ತುಳುವಿನಲ್ಲಿ ಹೇಳುತ್ತಾನೆ: ಈ ತಿಂಗಳು ಹಣ ಕಡಮೆ, ಜ್ವರ ಬಂದಿತ್ತು, ಅಪ್ಪ ಸಿಟ್ಟಾಗಬಾರದು. ಬರೆಯುವವನು ಅದನ್ನು, ‘ಶರೀರದಲ್ಲಿ ಕಿಂಚಿತ್ ಅಸ್ವಸ್ಥತೆ ಉಂಟಾದ ಕಾರಣ ಈ ಬಾರಿ ಅಲ್ಪಮೊಬಲಗನ್ನು ಕಳುಹಿಸಿರುತ್ತೇನೆ, ತಾವು ಅನ್ಯಥಾ ಭಾವಿಸಬಾರದಾಗಿ ಪ್ರಾರ್ಥನೆ’ ಎಂದು ಮಾಡುತ್ತಾನೆ. ಊರಿನಲ್ಲಿ ಶಾಲಾಮಾಸ್ತರರೋ ಅಂಚೆಯವನೋ ಇದನ್ನು ಓದಿ ಮತ್ತೆ ತುಳುವಿಗೆ ತಿರುಗಿಸಿ ತಂದೆಗೆ ಹೇಳುತ್ತಾನೆ. ತುಳುವಿನಿಂದ ಹೊರಟು ತುಳುವಿಗೆ ಸೇರುವ ಮಾತು ಮಧ್ಯದಲ್ಲಿ ಕನ್ನಡದ ಪಲ್ಲಕ್ಕಿಯಲ್ಲಿ ಪ್ರಯಾಣ ಮಾಡುತ್ತಿದ್ದಿತು. ಇದು ವ್ಯರ್ಥಶ್ರಮವೆಂದು ಇಂದಿನವರಿಗೆ ತೋರಬಹುದು. ನನಗಂತೂ ಹಾಗೆ ತೋರುವುದಿಲ್ಲ. ಎಂಜಲು ಬಟ್ಟಲೆತ್ತಿ ಕೈ ಒರಟಾದ ಹದಿನಾಲ್ಕು ವರ್ಷದ ಹುಡುಗನು ತಂದೆಯ ಮುಂದೆ ಗೌರವಸ್ಥನಾಗಿ ನಿಲ್ಲಲು ಆ ಪಲ್ಲಕ್ಕಿಯೊಂದೇ ಸಾಧನವಾಗಿದ್ದಿತು. ಮನಿಯಾರ್ಡರಿನ ಕೂಪನ್ನಿನಲ್ಲಿ ಸ್ಥಳವು ತೀರ ಸ್ವಲ್ಪವಾದುದರಿಂದ ಅಲ್ಲಿ ಕುಶಲೋಪರಿಯನ್ನು ಬಿಡಬಹುದಾಗಿದ್ದಿತು, ಆದರೆ ‘ತೀರ್ಥರೂಪ’ವನ್ನು ಬಿಡುವಂತಿರಲಿಲ್ಲ; ಆ ಒಂದು ಪದಕ್ಕಾಗಿ ಅಂಚಿನವರೆಗೆ ಅಕ್ಷರಗಳನ್ನು ಇರುಕಿಸಿ ಬರೆಯುತ್ತಿದ್ದರು.

ಹೋಟೆಲಿನೊಳಗಿನ ಮಾತಿನ ವ್ಯವಸ್ಥೆಯೂ ಇಷ್ಟೇ ಸೂಕ್ಷ್ಮವಾದುದು. ಗಿರಾಕಿಯೊಡನೆ ಹಿಂದಿ, ಅಡುಗೆಮನೆಯ ಕಿಂಡಿಯ ಕಡೆಗೆ ತಿರುಗಿದಾಗ ತುಳು ಅಥವಾ ಕುಂದಾಪುರದ ಕನ್ನಡ, ಪಾಲಿಕೆಯ ಆರೋಗ್ಯಾಧಿಕಾರಿ ಬಂದರೆ ಮರಾಠಿ, ಅದೂ ‘ಸಾಹೇಬ’ ಎಂಬ ಸಂಬೋಧನೆಯೊಡನೆ, ಅಡುಗೆಯ ಭಟ್ಟರು ವಯಸ್ಸಿನಲ್ಲಿ ಕಿರಿಯರಾದರೂ ಬಹುವಚನ, ಹೊಸದಾಗಿ ಬಂದ ಮಾಣಿಗೆ ಏಕವಚನ. ಕನ್ನಡದಲ್ಲಿ ನೀನು, ನೀವು, ತಾವು ಎಂದು ಮೂರು ಮೆಟ್ಟಿಲುಗಳಿರುವಂತೆಯೇ ಮರಾಠಿಯಲ್ಲಿ ತೂ, ತುಮ್ಹೀ, ಆಪಣ ಎಂಬ ಮೂರು ಮೆಟ್ಟಿಲುಗಳಿರುವುದರಿಂದ, ನಮ್ಮವರಿಗೆ ಮರಾಠಿಯ ಮರ್ಯಾದೆಯು ಬೇಗನೆ ವಶವಾಯಿತು. ತುಳುವಿನಲ್ಲಿ ‘ಈ’ ಎಂದರೆ ನೀನು, ‘ಈರ್’ ಎಂದರೆ ನೀವು. ಒಂದು ರಕಾರದ ಅಂತರದಲ್ಲಿ ಒಬ್ಬನ ಮಾನವು ತೂಗುತ್ತಿರುತ್ತದೆ. ಮುಂಬಯಿಯ ಬೀದಿಯ ಹಿಂದಿಯಾದರೋ ಈ ಮೆಟ್ಟಿಲುಗಳನ್ನು ಸವೆಸಿ ಸಮಮಾಡಿಬಿಟ್ಟ ಭಾಷೆ. ಊರಿನಿಂದ ಬಂದ ಹೊಸತರಲ್ಲಿ ಹಿರಿಯ ಗಿರಾಕಿಯನ್ನು ‘ತುಮ್’ ಎನ್ನಲು ನಾಲಗೆ ಹಿಂಜರಿಯುತ್ತಿದ್ದಿತೆಂದೂ, ಆದಕಾರಣ ವಾಕ್ಯದಲ್ಲಿ ಸರ್ವನಾಮವೇ ಬಾರದಂತೆ ‘ಕ್ಯಾ ಲಾವೂಂ ಸೇಠ್’ ಎಂದು ಸುತ್ತಿಬಳಸಿ ಕೇಳುತ್ತಿದ್ದೆವೆಂದೂ ಹಳಬರು ಹೇಳಿದುದನ್ನು ಕೇಳಿದ್ದೇನೆ. ಇದಕ್ಕೆ ಪ್ರತಿಯಾಗಿ ಊರು ಅವರಿಗೆ ಕೊಟ್ಟ ಸಂಬೋಧನೆ ‘ಅಣ್ಣಾ’ ಎಂಬುದು. ಕುರ್ಲಾದ ಮರಾಠಿಗನೂ ಮುಸಲ್ಮಾನನೂ ಉತ್ತರದೇಶದವನೂ ಉಡುಪಿ ಹೋಟೆಲಿನ ಯಜಮಾನನನ್ನು ಕರೆಯುವುದು ಹಾಗೆಯೇ. ನೂರು ಭಾಷೆಗಳ ಸಂತೆಯಲ್ಲಿ ನಮ್ಮ ಮನೆಯ ಒಂದು ನಂಟಿನ ಪದವು ಇಡೀ ಕಸುಬಿನ ಹೆಸರಾಗಿ ನಿಂತಿತು.

ಇಷ್ಟೆಲ್ಲವನ್ನೂ ಮೀರಿ, ಯಾರ ಮುಂದೆ ಯಾವ ಮಾತು ಎಂಬ ವಿದ್ಯೆಯನ್ನು ಈ ಜನರಿಗೆ ಪೂರ್ಣವಾಗಿ ಕಲಿಸಿದ ಗುರುಕುಲ ಯಾವುದೆಂದರೆ ತಾಳಮದ್ದಳೆ. ಯಕ್ಷಗಾನದ ವೇಷಭೂಷಣಗಳಿಲ್ಲದೆ, ಹಿಮ್ಮೇಳದ ಮುಂದೆ ಕುಳಿತು ಮಾತಿನಿಂದಲೇ ಪ್ರಸಂಗವನ್ನು ನಡೆಸುವ ಈ ಕಲೆಯಲ್ಲಿ, ಭಾಗವತನು ಹಾಡುವ ಪದ್ಯವೊಂದೇ ಮೊದಲೇ ಸಿದ್ಧವಾಗಿರತಕ್ಕದ್ದು. ಅರ್ಥಧಾರಿಯ ಮಾತೆಲ್ಲ ಆ ಕ್ಷಣದ ಸೃಷ್ಟಿ. ಶೇಣಿ ಗೋಪಾಲಕೃಷ್ಣ ಭಟ್ಟರಂತಹವರು (1918–2006) ಈ ಕಲೆಯನ್ನು ಪಾಂಡಿತ್ಯದ ಶಿಖರಕ್ಕೆ ಒಯ್ದರು. ಅಂಥವರ ಅರ್ಥವನ್ನು ಊರಿನ ಚಾವಡಿಗಳಲ್ಲಿ ನಿದ್ದೆಗೆಟ್ಟು ಕೇಳಿ ಬೆಳೆದವರು ಮುಂಬಯಿಗೆ ಬಂದ ಮೇಲೆ, ಹೋಟೆಲು ಮುಚ್ಚಿದ ರಾತ್ರಿಗಳಲ್ಲಿಯೂ ರಜೆಯ ದಿನಗಳಲ್ಲಿಯೂ ತಾವೇ ಕೂಟಗಳನ್ನು ಕಟ್ಟಿಕೊಂಡರು. ಹಗಲೆಲ್ಲ ಇಡ್ಲಿ ಕಟಿಂಗ್ ಚಹಾಗಳ ಲೆಕ್ಕವನ್ನು ಕೂಗಿ ಹೇಳುತ್ತಿದ್ದ ಕಂಠವೇ ರಾತ್ರಿಯಲ್ಲಿ, ಒಂದು ಹಿಂದಿಯ ಪದವೂ ಒಂದು ಇಂಗ್ಲಿಷಿನ ಪದವೂ ನುಸುಳದಂತೆ, ಅಚ್ಚುಕಟ್ಟಾದ ಕನ್ನಡದಲ್ಲಿ ಧರ್ಮಾಧರ್ಮಗಳನ್ನು ವಾದಿಸುತ್ತಿದ್ದಿತು. ರಂಗದ ಮೇಲೆ ಪರಭಾಷೆಯ ಶಬ್ದ ಬಂದರೆ ಅದು ಅಪಚಾರವೆಂಬ ನಿಯಮವನ್ನು ಯಾವ ಸರಕಾರವೂ ವಿಧಿಸಿದುದಲ್ಲ. ಕಲಾವಿದರು ತಾವಾಗಿಯೇ ಕಾಪಾಡಿಕೊಂಡು ಬಂದುದು.

‘ಕೃಷ್ಣಸಂಧಾನ’ವೆಂಬ ಒಂದೇ ಪ್ರಸಂಗವನ್ನು ತೆಗೆದುಕೊಳ್ಳಿ. ಹಸ್ತಿನಾವತಿಗೆ ಬಂದ ಕೃಷ್ಣನು ಮೊದಲು ವಿದುರನ ಮನೆಗೆ ಹೋಗುತ್ತಾನೆ. ಅಲ್ಲಿ ಅವನ ಮಾತು ಹಸಿದು ಬಂದ ಮನೆಮಗನದು. ಮರುದಿನ ಕೌರವನ ಸಭೆಯಲ್ಲಿ ಅವನು ರಾಯಭಾರಿ. ಅಲ್ಲಿ ಒಂದೊಂದು ಪದವೂ ತೂಕದ್ದಾಗಿರಬೇಕು, ಬೆದರಿಕೆಯೂ ವಿನಯದ ಉಡುಪನ್ನು ತೊಟ್ಟಿರಬೇಕು, ಭೀಷ್ಮದ್ರೋಣರನ್ನು ನೋಯಿಸದೆ ದುರ್ಯೋಧನನನ್ನು ಚುಚ್ಚಬೇಕು. ಹಿಂದಿರುಗುವಾಗ ಕರ್ಣನನ್ನು ಏಕಾಂತಕ್ಕೆ ಕರೆದು ಜನ್ಮರಹಸ್ಯವನ್ನು ಹೇಳುತ್ತಾನೆ. ಅಲ್ಲಿ ರಾಯಭಾರಿಯ ಗಾಂಭೀರ್ಯವೂ ಸಲ್ಲದು, ವಿದುರನ ಮನೆಯ ಸಲಿಗೆಯೂ ಸಲ್ಲದು. ನಂಟನ ಮೃದುತ್ವವೂ ಹೊಂಚಿನ ಎಚ್ಚರವೂ ಒಂದೇ ಉಸಿರಿನಲ್ಲಿ ಕೂಡಿರಬೇಕು. ಪಾತ್ರ ಒಂದು, ಬಾಯಿ ಒಂದು, ಸ್ವರಗಳು ಮೂರು. ಅರ್ಥಧಾರಿಯು ಸಭೆಯಲ್ಲಿ ಆಡಬೇಕಾದುದನ್ನು ವಿದುರನ ಮನೆಯಲ್ಲಿ ಆಡಿಬಿಟ್ಟರೆ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರು ತಲೆಯಾಡಿಸುವುದನ್ನು ನಿಲ್ಲಿಸುತ್ತಿದ್ದರು. ಅದಕ್ಕಿಂತ ಕಠಿಣವಾದ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲಿಯೂ ಓದಿಲ್ಲ.

ಇದಕ್ಕೆ ಶಾಸ್ತ್ರದ ಬೆಂಬಲವೂ ಉಂಟು. ಭರತನ ನಾಟ್ಯಶಾಸ್ತ್ರವು ಪಾತ್ರಗಳಿಗೆ ತಕ್ಕಂತೆ ಭಾಷೆಗಳನ್ನು ಹಂಚಿಕೊಟ್ಟಿದೆ. ಅದರಂತೆ ಕಾಳಿದಾಸನ ನಾಟಕಗಳಲ್ಲಿ ರಾಜನು ಸಂಸ್ಕೃತವನ್ನೂ, ಶಕುಂತಲೆಯೂ ವಿದೂಷಕನೂ ಪ್ರಾಕೃತವನ್ನೂ ಆಡುತ್ತಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಹೋಗುವುದಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ದೇಶಭೇದಗಳನ್ನು ಗಮನಿಸಿ, ಸಂಸ್ಕೃತ ಕನ್ನಡಗಳನ್ನು ಅನುಚಿತವಾಗಿ ಬೆಸೆಯುವುದನ್ನು ದೋಷವೆಂದಿತು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚೆ’ಯೆಂಬ ಗ್ರಂಥವನ್ನೇ ಬರೆದು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಸಾರಿದನು. ಈ ಪಂಡಿತರ ಹೆಸರನ್ನೂ ಕೇಳದ ಕುರ್ಲಾದ ಸಪ್ಲಾಯರನೊಬ್ಬನು ಔಚಿತ್ಯವನ್ನು ನಿತ್ಯವೂ ನಾಲ್ಕು ಭಾಷೆಗಳಲ್ಲಿ ಆಚರಿಸುತ್ತಿದ್ದನೆಂಬುದು ನನ್ನ ಪಾಲಿಗೆ ಆ ಗ್ರಂಥದ ಅತ್ಯುತ್ತಮ ವ್ಯಾಖ್ಯಾನ.

ಆದರೆ ಇದೇ ಪದ್ಧತಿಯಿಂದ ಒಂದು ಕೊರತೆಯೂ ಉಂಟಾಯಿತು. ಅದು ಗೋಚರವಾದುದು ನಗರದ ಕನ್ನಡ ಸಂಘಗಳಲ್ಲಿ ಕರಾವಳಿಯವರೂ ಬಯಲುಸೀಮೆಯವರೂ ಒಂದೇ ಚಾಪೆಯ ಮೇಲೆ ಕುಳಿತಾಗ. ಧಾರವಾಡದವನ ಕನ್ನಡವು ತೊಟ್ಟಿಲಿನಿಂದ ಚಟ್ಟದವರೆಗೂ ಒಂದೇ. ಅವನು ಅದರಲ್ಲಿಯೇ ಮುದ್ದಿಸುತ್ತಾನೆ, ಬೈಯುತ್ತಾನೆ, ಅಳುತ್ತಾನೆ. ‘ಬರ್ರಿ, ಕೂಡ್ರಿ’ ಎಂದು ಎಲ್ಲ ಮಾತಿಗೂ ‘ರೀ’ ಎಂಬ ಗೌರವದ ಬಾಲವನ್ನು ಹಚ್ಚುವ ಅವನೇ ಗೆಳೆಯನನ್ನು ‘ಏನಲೇ’ ಎಂದು ಕೂಗಿ ಅಪ್ಪಿಕೊಳ್ಳುತ್ತಾನೆ. ತು‍ಳು ಮನೆಮಾತಿನವನು ಈ ‘ಲೇ’ಯನ್ನು ಕೇಳಿ ಬೆಚ್ಚುತ್ತಿದ್ದನು, ಅವನ ‘ತಾವು ಬಂದುದು ಬಹಳ ಸಂತೋಷವಾಯಿತು’ ಎಂಬ ಮಾತನ್ನು ಕೇಳಿದ ಧಾರವಾಡದವನು, ಈತ ನನ್ನನ್ನು ದೂರ ಇಟ್ಟಿದ್ದಾನೆಂದು ಭಾವಿಸುತ್ತಿದ್ದನು. ಇಬ್ಬರದೂ ತಪ್ಪಲ್ಲ. ಕುಂದಾಪುರದವರನ್ನೂ ಹವ್ಯಕರನ್ನೂ ಬಿಟ್ಟರೆ, ಕರಾವಳಿಯ ಬಹುಪಾಲು ಜನರು ಕನ್ನಡವನ್ನು ಕಲಿತುದು ಪುಸ್ತಕದಿಂದ, ಸಭೆಯಿಂದ, ರಂಗದಿಂದ. ಅವರ ಮುದ್ದೂ ಬೈಗುಳವೂ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಬ್ಯಾರಿಯಲ್ಲಿಯೋ ಉಳಿದುವು. ಅವರ ಕನ್ನಡಕ್ಕೆ ಮಡಿಯ ಪಂಚೆಯಿದ್ದಿತು, ಮನೆಯಲ್ಲುಡುವ ಪಾಣಿಪಂಚೆಯಿರಲಿಲ್ಲ. ಸಲಿಗೆಗೆಂದು ಅವರು ಕನ್ನಡಕ್ಕೆ ತಂದ ಒಂದೇ ಒಂದು ಪದ ‘ಮಾರಾಯ್ರೆ’ ಎಂಬುದು. ಅದರಲ್ಲಿಯೂ ನೋಡಿ, ‘ಮಹಾರಾಯರೇ’ ಎಂಬ ಗೌರವವೇ ಅಡಗಿದೆ.

1956ರಲ್ಲಿ ಎರಡೂ ಇಲಾಖೆಗಳ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ, 1960ರಲ್ಲಿ ಮುಂಬಯಿಯು ಮಹಾರಾಷ್ಟ್ರದ ರಾಜಧಾನಿಯಾದ ಮೇಲೆ, ಭಾಷೆಯ ಆಯ್ಕೆಯು ಮರ್ಯಾದೆಯ ಪ್ರಶ್ನೆಯಾಗಿದ್ದುದು ನೆಮ್ಮದಿಯ ಪ್ರಶ್ನೆಯೂ ಆಯಿತು. 1966ರಲ್ಲಿ ಶಿವಸೇನೆಯು ಸ್ಥಾಪಿತವಾಗಿ, ದಾಕ್ಷಿಣಾತ್ಯರ ವಿರುದ್ಧವಾದ ಕೂಗು ಎದ್ದ ವರ್ಷಗಳಲ್ಲಿ, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದುದುಂಟು. ಆ ದಿನಗಳಲ್ಲಿ ರೈಲಿನ ಡಬ್ಬಿಯೊಳಗೆ ಇಬ್ಬರು ತುಳುವರು ಎದುರುಬದುರಾಗಿ ಕುಳಿತರೂ ಮರಾಠಿಯಲ್ಲಿಯೇ ಮಾತನಾಡಿಕೊಂಡರೆಂದು ಹಳಬರು ಇಂದಿಗೂ ನೋವಿನಿಂದ ನೆನೆಯುತ್ತಾರೆ. ಆ ಕಹಿಯು ಕಾಲಕ್ರಮದಲ್ಲಿ ಕರಗಿತು. ಉಳಿದುದು ನಮ್ಮವರ ಮರಾಠಿಯ ಹದ. ಇಂದು ಕುರ್ಲಾದ ಅನೇಕ ಹಿರಿಯ ಹೋಟೆಲಿಗರ ಮರಾಠಿಯನ್ನು ಮರಾಠಿಗರೇ ಮೆಚ್ಚುತ್ತಾರೆ.

ಸ್ವರವನ್ನಾಯುವ ಈ ಕಷ್ಟವು ಸಾಹಿತಿಗಳನ್ನೂ ಬಿಡಲಿಲ್ಲ. ಮುಂಬಯಿಯನ್ನು ಕನ್ನಡದಲ್ಲಿ ಬರೆಯಹೊರಟವನ ಮುಂದೆ, ಕನ್ನಡವನ್ನೇ ಅರಿಯದ ಪಾತ್ರಗಳ ಬಾಯಲ್ಲಿ ಯಾವ ಕನ್ನಡವನ್ನಿಡಬೇಕೆಂಬ ಪ್ರಶ್ನೆಯಿದೆ. ಯಶವಂತ ಚಿತ್ತಾಲರು 1979ರ ‘ಶಿಕಾರಿ’ಯಲ್ಲಿ ಕಂಪನಿಯ ಕಚೇರಿಯ ಜಗತ್ತನ್ನು, ಅದರ ಇಂಗ್ಲಿಷಿನ ನೆರಳನ್ನು ಅಳಿಸದೆಯೇ, ಉತ್ತರ ಕನ್ನಡದ ನೆನಪುಗಳ ಪಕ್ಕದಲ್ಲಿ ನಿಲ್ಲಿಸಿದರು, ಜಯಂತ ಕಾಯ್ಕಿಣಿಯವರು ‘ತೂಫಾನ್ ಮೇಲ್’ ಮೊದಲಾದ ಸಂಗ್ರಹಗಳಲ್ಲಿ ನಗರದ ನಾನಾ ಭಾಷೆಗಳ ಜನರಿಗೆ ಹಗುರವಾದ, ಸಭಾಮರ್ಯಾದೆಯ ಭಾರವಿಲ್ಲದ ಕನ್ನಡವೊಂದನ್ನು ಕೊಟ್ಟರು. ನಮ್ಮ ಕರೆಯೋಲೆಗಳೂ ಅಧ್ಯಕ್ಷಭಾಷಣಗಳೂ ಮಾಡಲಾರದೆ ಹೋದ ಕೆಲಸವನ್ನು ಆ ಕಥೆಗಳು ಮಾಡಿದುವೆಂದು ನಾನು ತಿಳಿಯುತ್ತೇನೆ.

ಏಕೆಂದರೆ ಪೀಠದ ಮೇಲೆ ಕುಳಿತ ಭಾಷೆಯು ಪೀಠದಿಂದಿಳಿಯಲು ಮರೆಯಿತು. ಎರಡನೆಯ ತಲೆಮಾರಿನ ಮಕ್ಕಳು ಮೊದಮೊದಲು ಪಾಲಿಕೆಯ ಕನ್ನಡ ಶಾಲೆಗಳಿಗೆ ಹೋದರು. ಮೂರನೆಯ ತಲೆಮಾರು ಇಂಗ್ಲಿಷ್ ಶಾಲೆಗಳಿಗೆ ಹೋಗಲಾಗಿ ಆ ಕನ್ನಡ ಶಾಲೆಗಳು ಒಂದೊಂದಾಗಿ ಬರಿದಾದುವು. ಕುರ್ಲಾದಿಂದ ಕೂಗಳತೆಯಲ್ಲಿರುವ ಕಲೀನಾದ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವು ಸಂಶೋಧನ ಗ್ರಂಥಗಳನ್ನು ಹೊರತರುತ್ತಿದೆ. ಬಂಟರ ಸಂಘದ ಭವನದ ಸಭಾಂಗಣದಲ್ಲಿ ಸ್ವಾಗತಭಾಷಣವು ಇಂದಿಗೂ ಕನ್ನಡದಲ್ಲಿಯೇ ನಡೆದು, ತರುವಾಯ ತೆರೆಯು ಸರಿದು ನಾಟಕವು ತುಳುವಿನಲ್ಲಿ ಆರಂಭವಾಗುತ್ತದೆ. ಮನೆಯಲ್ಲಿ ಮಾತ್ರ ಮಕ್ಕಳ ತುಳುವಿನ ಸ್ಥಾನವನ್ನು ಹಿಂದಿಯು ಹಿಡಿದಿದೆ. ತುಳುವಿಗೂ ಕನ್ನಡಕ್ಕೂ ಇದ್ದ ಸಂಬಂಧವು ಒಲೆಗೂ ದೇವರ ದೀಪಕ್ಕೂ ಇರುವ ಸಂಬಂಧದಂತಿದ್ದಿತು. ಒಲೆಯಿಂದ ತಂದ ಕಿಡಿಯಿಂದಲೇ ದೀಪವನ್ನು ಹಚ್ಚುತ್ತಿದ್ದೆವು. ಒಲೆಯು ಬೇರೆಯಾದ ಮೇಲೆ ದೀಪಕ್ಕೆ ಕಿಡಿಯನ್ನು ಎಲ್ಲಿಂದ ತರಬೇಕೆಂಬುದು, ಈ ಊರಿನಲ್ಲಿ ಭಾನುವಾರದ ಕನ್ನಡ ತರಗತಿಗಳನ್ನೂ ಯಕ್ಷಗಾನದ ತರಬೇತಿಯನ್ನೂ ನಡೆಸುವವರು ನಿತ್ಯ ಎದುರಿಸುತ್ತಿರುವ ಪ್ರಶ್ನೆ. ಅವರ ಶ್ರಮವನ್ನು ಕಣ್ಣಾರೆ ಕಂಡ ನಾನು ಅದನ್ನು ಅಲ್ಪವೆಂದು ಎಂದಿಗೂ ಹೇಳಲಾರೆ.

1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದ ಬಳಿಕ, ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸೇ ತುಳುನಾಡಿನವರು ಮುಂಬಯಿಯಲ್ಲಿ ಕಾಲಿಡುವ ಹೊಸ್ತಿಲಾಯಿತು. ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ಗಾಡಿಯು ಕಾರವಾರವನ್ನು ದಾಟಿದೊಡನೆ ನಿಲ್ದಾಣಗಳ ಫಲಕಗಳಿಂದ ಕನ್ನಡವು ಮರೆಯಾಗುತ್ತದೆ. ರಾತ್ರಿಯೆಲ್ಲ ಸುರಂಗಗಳಲ್ಲಿ ನುಸುಳಿ ಬೆಳಗಿನ ಹೊತ್ತಿಗೆ ಅದು ಇಲ್ಲಿಗೆ ಬಂದು ನಿಲ್ಲುತ್ತದೆ. ಅಂತಹ ಒಂದು ಬೆಳಗ್ಗೆ ಆ ಪ್ಲಾಟ್‌ಫಾರಮ್ಮಿನಲ್ಲಿ ನಾನು ಯಾರನ್ನೋ ಕಾಯುತ್ತ ನಿಂತಿದ್ದೆನು. ಮೂಲ್ಕಿಯ ಕಡೆಯ ವೃದ್ಧೆಯೊಬ್ಬರು ಡಬ್ಬಿಯಿಂದಿಳಿದರು. ಅವರನ್ನು ಎದುರುಗೊಳ್ಳಲು ಮಗನೊಡನೆ ಬಂದಿದ್ದ ಎಂಟೊಂಬತ್ತು ವರ್ಷದ ಮೊಮ್ಮಗಳು, ಅಷ್ಟರವರೆಗೆ ತಂದೆಯೊಡನೆ ಹಿಂದಿಯಲ್ಲಿ ಹರಟುತ್ತಿದ್ದವಳು, ಅಜ್ಜಿಯನ್ನು ಕಂಡೊಡನೆ ನೆಟ್ಟಗೆ ನಿಂತು, ಕೈಮುಗಿದು, ಯಕ್ಷಗಾನದ ತರಗತಿಯಲ್ಲಿ ತಾನು ಕಲಿತ ಒಂದೇ ಕನ್ನಡದಲ್ಲಿ, ‘ಅಜ್ಜಿಯವರೇ, ತಮ್ಮ ಪ್ರಯಾಣವು ಸುಖಕರವಾಗಿದ್ದಿತೇ?’ ಎಂದಳು. ಗದ್ದೆಯ ಬಯಲಿನಲ್ಲಿ ಚಾಪೆ ಹಾಸಿಕೊಂಡು ಎಷ್ಟು ರಾತ್ರಿಗಳ ಆಟವನ್ನು ನೋಡಿದ್ದರೋ ಆ ತಾಯಿ! ಅವರು ಹಲಸಿನ ಹಪ್ಪಳದ ಡಬ್ಬಿಯಿದ್ದ ಚೀಲವನ್ನು ಮೆಲ್ಲನೆ ಕೆಳಗಿಳಿಸಿ, ಸೆರಗನ್ನು ಸರಿಪಡಿಸಿಕೊಂಡು, ಮಗುವಿನ ಕಣ್ಣನ್ನೇ ನೋಡುತ್ತ, ರಂಗಸ್ಥಳದ ಅದೇ ಗಂಭೀರವಾದ ದನಿಯಲ್ಲಿ, ‘ಸುಖಕರವಾಗಿದ್ದಿತು ಮಗಳೇ, ತಮ್ಮ ರಾಜ್ಯದಲ್ಲಿ ಸಕಲರೂ ಕ್ಷೇಮವೇ?’ ಎಂದು ಕೇಳಿದರು.